ಬೆಂಕಿ ಮಂತ್ರಕ್ಕೆ ಕಬ್ಬಿಣದ ಅಂಗಿ

ಮಾಟ, ಮಂತ್ರ, ಬಾನಾಮತಿ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಹೇಳುತ್ತಾ ಬಂದು ಇಪ್ಪತ್ತೇಳು ವರ್ಷಗಳಾದವು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ವಿಜ್ಞಾನ ಸಂಘದ ಹುಡುಗರನ್ನು ಕೂರಿಸಿಕೊಂಡು, ಪೊಟ್ಯಾಸಿಯಂ ಪರ್ಮಾಂಗನೇಟಿನ ಪುಡಿಯ ಮೇಲೆ ನಾಲ್ಕು ಹನಿ ಗ್ಲಿಸರಿನ್ ಹಾಕಿ, ಕಡ್ಡಿ ಗೀರದೆ ಬೆಂಕಿ ಎಬ್ಬಿಸಿ, 'ಇದರಲ್ಲಿ ಮಂತ್ರ ಎಲ್ಲಿದೆ ತೋರಿಸ್ರೋ' ಎಂದು ಕೇಳುವುದು ನನ್ನ ಹಳೆಯ ಚಟ. ಅಂಥ ನಾನು ಹೋದ ವರ್ಷ ಏಪ್ರಿಲ್ ತಿಂಗಳ ಒಂದು ರಾತ್ರಿ, ಹನ್ನೊಂದೂವರೆಯ ಹೊತ್ತಿನಲ್ಲಿ, ಆವರಗೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಾಗದ, ಪೆನ್ಸಿಲು, ಸ್ಕೇಲು ಹಿಡಿದು ಕೂತಿದ್ದೆ. ಒಬ್ಬ ಮಾಂತ್ರಿಕ ಎಸೆಯುವ ಬೆಂಕಿಯಿಂದ ಒಬ್ಬ ಗಡ್ಡದ ವೀರನನ್ನು ಹೇಗೆ ಉಳಿಸಬೇಕೆಂದು ಲೆಕ್ಕ ಹಾಕುತ್ತಿದ್ದೆ. ನೀರು ಕುಡಿಯಲು ಎದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದಳು. ಏನೂ ಹೇಳದೆ ಹೋದಳು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇದು ಹೇಗಾಯಿತೆಂದು ಹೇಳಲು ಮಗನ ಫಲಿತಾಂಶದಿಂದಲೇ ಶುರು ಮಾಡಬೇಕು. ಈಗ ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಮೊದಲನೆಯದರಲ್ಲಿ ನನ್ನ ಮಗ ಫಿಸಿಕ್ಸಿನಲ್ಲಿ ನಪಾಸಾದ. ಬೇರೆ ಯಾವ ವಿಷಯವಾಗಿದ್ದರೂ ನುಂಗಿಕೊಳ್ಳುತ್ತಿದ್ದೆನೇನೋ. ನಾನು ದಾವಣಗೆರೆಯ ಡಿ.ಆರ್.ಎಂ. ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ಊರವರ ಮಕ್ಕಳಿಗೆಲ್ಲ ಓಮನ ನಿಯಮ ಬಾಯಿಪಾಠ ಮಾಡಿಸಿದವನು. 'ಮನೆಯಲ್ಲೇ ಬಾವಿ ಇಟ್ಕೊಂಡು ನೀರಿಗೆ ಬರ ಬಂತಲ್ಲ ಸಾರ್' ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. ಅವರು ತಮಾಷೆಗೇ ಅಂದದ್ದು. ನಾನು ಅದನ್ನು ಮನೆಗೆ ಹೊತ್ತು ತಂದು ಹುಡುಗನ ತಲೆಯ ಮೇಲೆ ಇಳಿಸಿದೆ. ಎರಡನೇ ಪರೀಕ್ಷೆಗೆ ಎರಡು ವಾರ ಚಿಲ್ಲರೆ ಉಳಿದಿತ್ತು. ಬೆಳಿಗ್ಗೆ ಆರಕ್ಕೆ ಒಂದು ಟ್ಯೂಷನ್ ಇತ್ತು. ಸಂಜೆ ಇನ್ನೊಂದು ಸೇರಿಸಿದೆ. ರಾತ್ರಿ ಊಟವಾದ ಮೇಲೆ ನಾನೇ. ಮೂರನೇ ದಿನಕ್ಕೆ ಅವನು ನನ್ನೊಡನೆ ಮಾತು ಬಿಟ್ಟ. ಕೇಳಿದ್ದಕ್ಕೆ 'ಹೂಂ', 'ಊಹೂಂ', ಅಷ್ಟೇ.

ಅವನ ತಾಯಿಯ ಚಿಕಿತ್ಸೆ ಬೇರೆ ರೀತಿಯದು. ಯಾರದೋ ಕಣ್ಣು ತಾಗಿದೆ ಎಂದು ಅವಳ ತೀರ್ಮಾನ. ಉಪ್ಪು ಮೆಣಸಿನಕಾಯಿ ನಿವಾಳಿಸಿ, ಗ್ಯಾಸಿನ ಒಲೆಯ ಮೇಲೆ ಸುಟ್ಟು, ಮನೆ ಮಂದಿಯೆಲ್ಲ ಕೆಮ್ಮುವಂತೆ ಮಾಡಿದಳು. ಆಮೇಲೆ ದುಗ್ಗಮ್ಮನ ಗುಡಿಗೆ ಹೋಗಿ ಬಂದು ಅವನ ಬಲತೋಳಿಗೆ ಒಂದು ತಾಯತ ಕಟ್ಟಿದಳು. ನಾನು ಮುಖ ಗಂಟಿಕ್ಕಿದೆ. ಹುಡುಗ ಇಬ್ಬರಿಗೂ ತೋಳು ಚಾಚಿದಂತೆ ಕೂತಿದ್ದ, ಒಂದಕ್ಕೆ ತಾಯತ, ಇನ್ನೊಂದಕ್ಕೆ ಪುಸ್ತಕ.

ಆ ರಾತ್ರಿ ಹಿಂದಿನ ಕೋಣೆಯಲ್ಲಿ ಬೆಳಕು ಕಂಡು ಕಂಪ್ಯೂಟರ್ ಆರಿಸಲೆಂದೇ ಎದ್ದು ಹೋದೆ. ಬಯ್ಯಲು ಬೇಕಾದ ಮಾತುಗಳನ್ನೆಲ್ಲ ನಡುಮನೆಯಲ್ಲೇ ಜೋಡಿಸಿಕೊಂಡಿದ್ದೆ. ಅವನ ಬೆನ್ನ ಹಿಂದೆ ನಿಂತಾಗ ಪರದೆಯ ಮೇಲೆ ಒಂದು ಗುಹೆ; ಕೊಂಬಿನ ಶಿರಸ್ತ್ರಾಣ ತೊಟ್ಟ ಒಬ್ಬ ವೀರ ಕತ್ತಿ ಹಿಡಿದು ನುಗ್ಗಿದ; ಎದುರಿನಿಂದ ಉದ್ದಂಗಿಯ ಮಾಂತ್ರಿಕನೊಬ್ಬ ಅಂಗೈಯಿಂದ ಬೆಂಕಿ ಎಸೆದ; ವೀರ ಬಿದ್ದು ಸತ್ತ. ಮಗ ಒಂದು ಗುಂಡಿ ಒತ್ತಿದ. ವೀರ ಎದ್ದ, ನುಗ್ಗಿದ, ಬೆಂಕಿ ಬಂತು, ಸತ್ತ. ಮತ್ತೆ ಗುಂಡಿ. ಐದು ಸಲ ನೋಡಿದೆ. ಆರನೇ ಸಲಕ್ಕೆ ಬಯ್ಗುಳ ಮರೆತುಹೋಗಿ, 'ಯಾಕಪಾ, ಅದೇ ಜಾಗದಲ್ಲಿ ಅದೇ ರೀತಿ ಸಾಯ್ತಾನಲ್ಲ?' ಎಂದು ಕೇಳಿಬಿಟ್ಟೆ.

'ಇನ್ನೂ ಗಟ್ಟಿ ಕವಚ ಬೇಕು ಅಪ್ಪಾಜಿ,' ಎಂದ. ಎಂಟು ದಿನದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಪೂರ್ತಿ ವಾಕ್ಯ ಅದು.

ಆಟದ ಹೆಸರು ಸ್ಕೈರಿಮ್. ಬೆಥೆಸ್ಡಾ ಎಂಬ ಅಮೆರಿಕದ ಕಂಪನಿ 2011ರ ನವೆಂಬರಿನಲ್ಲಿ ಹೊರತಂದದ್ದು. ಹಳೆಯದಾದ್ದರಿಂದಲೇ ನಮ್ಮ ಮನೆಯ ಮುದಿ ಕಂಪ್ಯೂಟರಿನಲ್ಲಿ ಓಡುತ್ತದೆ. ಆಡುವವನು ಒಂದು ಪಾತ್ರವನ್ನು ಕಟ್ಟಿಕೊಂಡು ಆ ಲೋಕದಲ್ಲಿ ಅಲೆಯಬೇಕು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ವೇಷ ಕಟ್ಟುವ ಆಟ. ಮಗ ಕಟ್ಟಿದ್ದು ನಾರ್ಡ್ ಎಂಬ ಚಳಿನಾಡಿನ ಜಾತಿಯವನ ವೇಷ. ಸಾಯುತ್ತಿದ್ದ ಹಾಗೆಲ್ಲ ಅವನು ಸಂಪಾದಿಸಿದ ದುಡ್ಡನ್ನು ಸುರಿದು ಹೆಚ್ಚು ಹೆಚ್ಚು ದಪ್ಪದ ಕಬ್ಬಿಣ, ಉಕ್ಕು ತೊಡಿಸುತ್ತಾ ಬಂದಿದ್ದ. ವೀರ ಈಗ ಓಡಲಾರದಷ್ಟು ಭಾರವಾಗಿದ್ದ. ಸಾಯುವುದು ಮಾತ್ರ ನಿಂತಿರಲಿಲ್ಲ.

'ಅವನು ನಿನಗೆ ಹೊಡೀತಾ ಇರೋದು ಏನಿಂದ?' ಎಂದೆ.

'ಬೆಂಕಿ.'

'ಕಬ್ಬಿಣದ ಬಾಣಲಿಗೆ ಬೆಂಕಿ ತಡಿಯುತ್ತೇನೋ? ಒಳಗಿದ್ದವನು ಬೋಂಡ ಆಗ್ತಾನೆ ಅಷ್ಟೆ.'

ಅವನು ತಿರುಗಿ ನನ್ನನ್ನು ನೋಡಿದ. ನಗಲಿಲ್ಲ, ಆದರೆ ಒಂದು ಕುರ್ಚಿ ಎಳೆದು ಕೊಟ್ಟ.

ಕೂತು ನೋಡಿದಾಗ ಆ ಆಟ ಕಟ್ಟಿದವರ ಬಗ್ಗೆ ನನಗೆ ಗೌರವ ಹುಟ್ಟಿತು ಎಂದು ಒಪ್ಪಿಕೊಳ್ಳಬೇಕು. ಅಲ್ಲಿ ಕವಚಕ್ಕೆ ಒಂದು ಅಂಕಿ ಇದೆ; ಆ ಅಂಕಿ ಕತ್ತಿ, ಗದೆ, ಬಾಣದ ಏಟನ್ನು ಕಡಿಮೆ ಮಾಡುತ್ತದೆ. ಮಂತ್ರದ ಏಟಿಗೆ ಅದು ಲೆಕ್ಕಕ್ಕೇ ಇಲ್ಲ. ಮಂತ್ರದಲ್ಲಿ ಮುಖ್ಯವಾಗಿ ಮೂರು ಬಗೆ: ಬೆಂಕಿ, ಹಿಮ, ಸಿಡಿಲು. ಬೆಂಕಿ ತಾಗಿದ ಮೇಲೂ ಸ್ವಲ್ಪ ಹೊತ್ತು ಸುಡುತ್ತದೆ. ಹಿಮ ಕಾಲು ಕಟ್ಟಿಹಾಕಿ ದಣಿಸುತ್ತದೆ. ಸಿಡಿಲು ಜೀವದ ಜೊತೆಗೆ ಮಂತ್ರಶಕ್ತಿಯನ್ನೂ ಹೀರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ತಡೆ. ನಾರ್ಡ್ ಜಾತಿಯವನಿಗೆ ಹುಟ್ಟಿನಿಂದಲೇ ಹಿಮದ ವಿರುದ್ಧ ಶೇಕಡ 50 ತಡೆ ಇರುತ್ತದೆ. ಬೆಂಕಿಗೆ ಏನೇನೂ ಇಲ್ಲ. ಎಂದರೆ ನಮ್ಮ ಹುಡುಗ ಸ್ವೆಟರ್ ತೊಟ್ಟವನನ್ನು ಮತ್ತೆ ಮತ್ತೆ ಒಲೆಗೆ ನೂಕುತ್ತಿದ್ದ.

ಈ ವಿಂಗಡಣೆ ಇವತ್ತಿನದಲ್ಲ. ಇಂಥ ಆಟಗಳಿಗೆಲ್ಲ ಮೂಲಪುರುಷರೆಂದರೆ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು. 1974ರಲ್ಲಿ ಅವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ ತಂದರು. ಕಂಪ್ಯೂಟರ್ ಇಲ್ಲ, ಮೇಜಿನ ಸುತ್ತ ಕೂತು, ಬಾಯಲ್ಲಿ ಕಥೆ ಹೇಳಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸಿ ಆಡುವುದು. ನಮ್ಮ ಪಗಡೆಗೆ ಪುರಾಣ ಸೇರಿಸಿದಂತೆ ಎನ್ನಿ. ಆಟದ ಪಾತ್ರಕ್ಕೆ ವಿಷ ತಾಗಿದರೆ, ಮಂತ್ರ ಬಿದ್ದರೆ, ಡ್ರ್ಯಾಗನ್ ಉಸಿರು ಬಿಟ್ಟರೆ ಉಳಿಯಲು ಒಂದು ಅವಕಾಶ ಕೊಡುತ್ತಿದ್ದರು. ದಾಳ ಹಾಕಬೇಕು, ಇಷ್ಟು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪಾರು. ಆ 'ಇಷ್ಟು' ಎಂಬುದು ವಿಷಕ್ಕೆ ಒಂದು, ಕಲ್ಲಾಗಿಸುವ ಮಾಟಕ್ಕೆ ಒಂದು, ಡ್ರ್ಯಾಗನ್ನಿನ ಉಸಿರಿಗೆ ಒಂದು, ಹೀಗೆ ಐದು ಸಾಲುಗಳಲ್ಲಿ ಬೇರೆ ಬೇರೆ ಬರೆದಿರುತ್ತಿತ್ತು.

ಇದನ್ನು ತಿಳಿದಾಗ ನನಗೆ ನೆನಪಾದದ್ದು ನಮ್ಮೂರ ಬಯಲಾಟ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ಬೆಳತನಕ ಕುಣಿಯುತ್ತಿದ್ದರು. ಅಜ್ಜನ ಕಂಬಳಿಯೊಳಗೆ ಕೂತು ನೋಡುತ್ತಿದ್ದ ನಮಗೆ ಯಾವ ಅಸ್ತ್ರಕ್ಕೆ ಯಾವ ಪ್ರತ್ಯಸ್ತ್ರ ಎಂಬುದು ಮಗ್ಗಿಗಿಂತ ಮೊದಲು ಬಾಯಿಗೆ ಬಂದಿತ್ತು. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ. ಸರ್ಪಾಸ್ತ್ರಕ್ಕೆ ಗರುಡಾಸ್ತ್ರ. ಕರ್ಣನ ಬಾಣ ಅರ್ಜುನನ ಕೊರಳಿಗೇ ಬರುವಾಗ ಕೃಷ್ಣ ರಥವನ್ನು ನೆಲಕ್ಕೆ ಒತ್ತುತ್ತಾನೆ, ಕಿರೀಟ ಹೋಗಿ ತಲೆ ಉಳಿಯುತ್ತದೆ. ದ್ರೋಣ ಸತ್ತ ಮೇಲೆ ಅಶ್ವತ್ಥಾಮ ನಾರಾಯಣಾಸ್ತ್ರ ಬಿಟ್ಟ ಪ್ರಸಂಗವಂತೂ ನನಗೆ ಬಹಳ ಇಷ್ಟ. ಅದಕ್ಕೆ ಯಾವ ಅಸ್ತ್ರವೂ ಉತ್ತರವಲ್ಲ. ಎದುರಿಸಿದಷ್ಟೂ ಅದು ಉರಿಯುತ್ತದೆ. ಆಯುಧ ಕೆಳಗಿಟ್ಟು, ರಥದಿಂದಿಳಿದು ಸುಮ್ಮನೆ ನಿಲ್ಲಿ ಎಂದು ಕೃಷ್ಣ ಸೇನೆಗೆಲ್ಲ ಹೇಳುತ್ತಾನೆ. ಎಲ್ಲರೂ ಇಳಿಯುತ್ತಾರೆ, ಭೀಮನೊಬ್ಬ ಗದೆ ಬಿಡುವುದಿಲ್ಲ. ನಮ್ಮೂರಿನ ಭೀಮನ ವೇಷಧಾರಿ ಜವಳಿ ಮಿಲ್ಲಿನ ಕಾರ್ಮಿಕ, ಆರಡಿ ಆಳು. ಅವನ ಕೈಯಿಂದ ಗದೆ ಕಸಿಯಲು ಕೃಷ್ಣಾರ್ಜುನರು ಪಡುವ ಪಾಡು ನೋಡಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಮಗನಿಗೆ ಈ ಕಥೆ ಹೇಳಿದೆ. 'ಇದು ಗೊತ್ತೇ ಇರಲಿಲ್ಲ ಅಪ್ಪಾಜಿ, ಸೂಪರ್ ಐತಿ' ಎಂದ. ಸ್ಕೈರಿಮ್ಮಿನ ದೇವರುಗಳ ಹೆಸರೆಲ್ಲ ಬಲ್ಲವನಿಗೆ ಇದನ್ನು ಹೇಳದೆ ಬಿಟ್ಟವನು ನಾನೇ ಎಂಬುದು ಆಮೇಲೆ ಹೊಳೆಯಿತು.

ಮುಂದಿನ ಎರಡು ರಾತ್ರಿ ನಮ್ಮ ಕೆಲಸ ತಡೆಗಳನ್ನು ಕೂಡಿಸುವುದು. ಆ ಲೋಕದಲ್ಲಿ ಬೆಟ್ಟಗುಡ್ಡಗಳ ಮೇಲೆ ಕೆಲವು ನಿಲುಗಲ್ಲುಗಳಿವೆ. ಅವುಗಳಲ್ಲಿ ಲಾರ್ಡ್ ಎಂಬ ಕಲ್ಲನ್ನು ಮುಟ್ಟಿದರೆ ಎಲ್ಲ ಬಗೆಯ ಮಂತ್ರಕ್ಕೂ ಶೇಕಡ 25 ತಡೆ. ಆದರೆ ಒಂದು ಸಲಕ್ಕೆ ಒಂದೇ ಕಲ್ಲಿನ ವರ; ಇನ್ನೊಂದನ್ನು ಮುಟ್ಟಿದರೆ ಹಳೆಯದು ಹೋಯಿತು. ನಮ್ಮ ಭಕ್ತರಿಗೆ ಇಷ್ಟು ಕಟ್ಟುನಿಟ್ಟು ಇಲ್ಲ. ಇನ್ನು ರಿಫ್ಟನ್ ಎಂಬ ಊರಲ್ಲಿ ಮಾರಾ ಎಂಬ ದೇವಿಯ ಗುಡಿಯಿದೆ. ಅಲ್ಲಿಯ ಪೂಜಾರಿಣಿ ಹೇಳಿದ ಕೆಲಸ ಮಾಡಿದರೆ ಶೇಕಡ 15 ತಡೆ ಶಾಶ್ವತವಾಗಿ ಸಿಗುತ್ತದೆ. ಕೆಲಸವೆಂದರೆ ರಾಕ್ಷಸನನ್ನು ಕೊಲ್ಲುವುದಲ್ಲ, ನಿಧಿ ಅಗೆಯುವುದಲ್ಲ. ಮನಸ್ಸಿದ್ದೂ ಮಾತಾಡಲಾರದವರ ನಡುವೆ ಓಡಾಡಿ ಅವರನ್ನು ಕೂಡಿಸುವುದು! ಒಬ್ಬ ಮುದುಕ ಪಂಡಿತನಿಗೆ ಪ್ರೇಮಪತ್ರ ಬರೆಸಿಕೊಡಬೇಕು, ಸತ್ತ ಗಂಡ ಹೆಂಡಿರ ಆತ್ಮಗಳನ್ನು ಒಂದು ಮಾಡಬೇಕು. ಬೆಂಕಿಯನ್ನು ತಡೆಯಲು ಇಂಥ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಆ ಸೀಮೆಯೆಲ್ಲ ಅಲೆದು ಮಗ ಅದನ್ನು ಮುಗಿಸಿದ. ಅದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ತಾಯತದ ದೆಸೆಯಿಂದ ಮುಖ ತಿರುಗಿಸಿಕೊಂಡಿದ್ದೆವು. ಅಲ್ಲಿ ಯಾವ ಪೂಜಾರಿಣಿಯೂ ಬರಲಿಲ್ಲ.

ಇವೆರಡು ಸೇರಿ ಶೇಕಡ 40. ಇದಲ್ಲದೆ ಬೆಂಕಿಯೊಂದನ್ನೇ ಶೇಕಡ 50ರಷ್ಟು ತಡೆಯುವ ಉಂಗುರವನ್ನು ಹುಡುಕಿ ತಂದ. ನಾನು ಗಣಿತದ ಗತ್ತಿನಲ್ಲಿ, '40 ಮತ್ತು 50, 90. ನೂರು ಏಟಿಗೆ ಹತ್ತೇ ತಾಗೋದು, ಹೋಗು ಹೊಡಿ' ಎಂದೆ. ಹೋದ. ಸಾಯಲಿಲ್ಲ ನಿಜ. ಆದರೆ ಹತ್ತಕ್ಕಿಂತ ಹೆಚ್ಚೇ ತಾಗಿದಂತೆ ನನಗೆ ಕಂಡಿತು. ಅನುಮಾನ ಬಂದ ಮೇಲೆ ಅಳೆಯದೆ ಬಿಟ್ಟರೆ ನಾನೆಂಥ ವಿಜ್ಞಾನದ ಮೇಷ್ಟರು? ಪರದೆಯ ಕೆಳಗೆ ನಡುವಿನಲ್ಲಿ ಜೀವವನ್ನು ತೋರಿಸುವ ಕೆಂಪು ಪಟ್ಟಿ ಇರುತ್ತದೆ. ಏಟು ಬಿದ್ದಂತೆ ಎರಡೂ ತುದಿಯಿಂದ ನಡುವಿಗೆ ಕುಗ್ಗುತ್ತದೆ. ಅಲ್ಲಿ ಅಂಕಿ ಇಲ್ಲ. ಮಗನ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದು ಗಾಜಿಗೆ ಇಟ್ಟೆ. ಉಂಗುರ ತೆಗೆಸಿ, ಕಲ್ಲಿನ ವರವೂ ಮಾರಾಳ ವರವೂ ಇಲ್ಲದ ಹಳೆಯ ಜಾಗದಿಂದ ಆಟ ಎತ್ತಿಸಿ, ಅದೇ ಮಾಂತ್ರಿಕನಿಂದ ಒಂದೇ ಒಂದು ಬೆಂಕಿಯುಂಡೆ ತಿನ್ನಿಸಿದೆ. ಪಟ್ಟಿ ಐದು ಸೆಂಟಿಮೀಟರ್ ಕುಗ್ಗಿತು. ಎಲ್ಲ ತಡೆಗಳನ್ನೂ ತೊಡಿಸಿ ಮತ್ತೆ ತಿನ್ನಿಸಿದಾಗ ಹೆಚ್ಚು ಕಡಿಮೆ ಒಂದೂವರೆ. ಮೂರು ಸಲ ಮಾಡಿದರೂ ಅಷ್ಟೇ. ನೂರಕ್ಕೆ ಹತ್ತಲ್ಲ, ಮೂವತ್ತು.

'ಕೂಡಿಸಬಾರದು ಅಪ್ಪಾಜಿ,' ಎಂದ ಮಗ, ನಿಧಾನವಾಗಿ. 'ಮೊದಲು ಒಂದು ತಡೆ 100ರಲ್ಲಿ 40 ತಿನ್ನುತ್ತೆ, 60 ಉಳೀತು. ಉಂಗುರ ಆ ಅರವತ್ತರಲ್ಲಿ ಅರ್ಧ ತಿನ್ನುತ್ತೆ. ಮೂವತ್ತು.'

ನಾಚಿಕೆಯಾಯಿತು. ಆಷಾಢದ ಸೇಲಿನಲ್ಲಿ ಬಟ್ಟೆ ಅಂಗಡಿಯವರು '50 + 20' ಎಂದು ಬೋರ್ಡು ಹಾಕಿದಾಗ ಅದು 70 ಅಲ್ಲ 60 ಎಂದು ಹೆಂಡತಿಗೆ ಪಾಠ ಹೇಳಿದವನು ನಾನು. ತಂಪು ಕನ್ನಡಕದ ಲೆಕ್ಕವೂ ಇದೇ. ಅರ್ಧ ಬೆಳಕು ಬಿಡುವ ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಇಟ್ಟರೆ ಕತ್ತಲಾಗುವುದಿಲ್ಲ, ಕಾಲುಭಾಗ ಬೆಳಕು ಬರುತ್ತದೆ. ಗಾಮಾ ಕಿರಣಕ್ಕೆ ಸೀಸದ ಗೋಡೆ ಕಟ್ಟುವಾಗಲೂ ಹೀಗೆ: ಅರ್ಧ ತಡೆಯುವ ಒಂದು ಪದರ, ಅದರ ಮೇಲೆ ಅಷ್ಟೇ ದಪ್ಪದ ಇನ್ನೊಂದಾದರೆ ಕಾಲು, ಮತ್ತೊಂದಾದರೆ ಅರೆಕಾಲು. ಸೊನ್ನೆಗೆ ಎಂದೂ ಇಳಿಯದು. ಈ ಆಟದಲ್ಲಂತೂ ಯಾವ ತಡೆಯೂ ಶೇಕಡ 85 ದಾಟಕೂಡದೆಂದು ನಿಯಮ ಮಾಡಿಟ್ಟಿದ್ದಾರೆ. ಮಂತ್ರಕ್ಕೆ 85, ಬೆಂಕಿಗೆ 85 ಸಂಪಾದಿಸಿದರೂ 100ರ ಏಟಿನಲ್ಲಿ 15, ಆ 15ರಲ್ಲಿ 2.25 ಒಳಗೆ ಬಂದೇ ಬರುತ್ತದೆ. ನನ್ನ ಮಗ ಈ ಲೆಕ್ಕವನ್ನು ಬಾಯಲ್ಲೇ ಮಾಡಿದ. ಫಿಸಿಕ್ಸಿನಲ್ಲಿ ನಪಾಸಾದ ಹುಡುಗ.

ಇವೆಲ್ಲವನ್ನೂ ಬಿಟ್ಟು ಇನ್ನೊಂದು ರಕ್ಷೆ ಇದೆ, ವಾರ್ಡ್ ಎಂದು. ಅದೂ ಒಂದು ಮಂತ್ರವೇ. ಎಡಗೈ ಎತ್ತಿ ಹಿಡಿದರೆ ಎದುರಿಗೆ ಗಾಜಿನಂಥ ಒಂದು ಗುರಾಣಿ ಮೂಡುತ್ತದೆ. ಹಿಡಿದಷ್ಟು ಹೊತ್ತೂ ಶಕ್ತಿ ಸೋರುತ್ತಲೇ ಇರುತ್ತದೆ, ಮೂಡಲು ಒಂದು ಗಳಿಗೆಯೂ ಬೇಕು. ಬೆಂಕಿ ಬಂದ ಮೇಲೆ ಎತ್ತಿದರೆ ಮಳೆಯಲ್ಲಿ ನೆಂದ ಮೇಲೆ ಕೊಡೆ ಬಿಚ್ಚಿದಂತೆ. ನನಗೆ ಇದು ಅಷ್ಟು ಹಿಡಿಸಲಿಲ್ಲ.

ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತಾ, ಅಳತೆಯ ಹುಮ್ಮಸ್ಸು ಇನ್ನೂ ಇಳಿಯದೆ, ಹೆಂಡತಿಯನ್ನು ಕೆಣಕಿದೆ. 'ಆಟದಲ್ಲಿ ತಾಯತ ಕೊಟ್ಟರೆ ಅದರ ಮೇಲೆ ಶೇಕಡ ಎಷ್ಟು ಅಂತ ಬರೆದಿರುತ್ತೆ. ಸುಳ್ಳಾದರೆ ಸ್ಕೇಲು ಇಟ್ಟು ಹಿಡೀಬಹುದು. ನಿಮ್ಮ ದುಗ್ಗಮ್ಮನದು ಎಷ್ಟು ಪರ್ಸೆಂಟು?'

ಅವಳು ದೋಸೆ ಮಗುಚುತ್ತಾ, 'ನಿಮ್ಮ ಎರಡನೇ ಟ್ಯೂಷನ್ನು ಎಷ್ಟು ಪರ್ಸೆಂಟು ರೀ? ಅಳೆದೀರೇನು?' ಎಂದಳು.

ಉತ್ತರ ಇರಲಿಲ್ಲ. ತಿಂಗಳಿಗೆ ಎಷ್ಟು ಕೊಡುತ್ತೇನೆಂಬುದು ಗೊತ್ತಿತ್ತು, ಅಷ್ಟೇ.

ತಾಯತದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಯಿತೆಂದು ಯಾರೂ ತಿಳಿಯಬಾರದು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪರೀಕ್ಷೆಗೆ ಒಡ್ಡಿ ನೋಡೋಣ ಎಂಬ ಆ ಮಾತನ್ನು ಹಿಡಿದೇ ನಾನು ಮೇಷ್ಟರಾದದ್ದು. ತೋಳಿನ ದಾರ ತೋಳಿನಲ್ಲೇ ಇರುವತನಕ ನನಗೆ ತಕರಾರಿಲ್ಲ. ಅದು ಆಸ್ಪತ್ರೆಯ ದಾರಿಗೆ ಅಡ್ಡ ಬಂದಾಗ ಏನಾಗುತ್ತದೆಂದು ಕಂಡಿದ್ದೇನೆ. ಭದ್ರಾ ನಾಲೆಯ ಕೆಳಗಿನ ಗದ್ದೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆಗೆ ಹಾವು ಕಚ್ಚಿತು. ಮೊದಲು ಒಯ್ದದ್ದು ಮಂತ್ರ ಹಾಕುವವನ ಹತ್ತಿರ. ಆತ ಹತ್ತಾರು ಮಂದಿಯನ್ನು ಬದುಕಿಸಿದವನೆಂದು ಹೆಸರು. ಬದುಕಿಸಿದ್ದೂ ನಿಜವೇ, ಏಕೆಂದರೆ ನಮ್ಮ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ, ವಿಷದ ಹಾವೂ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಅಂಥವರಿಗೆ ಮಂತ್ರ ಹಾಕಿದರೂ ಉಳಿಯುತ್ತಾರೆ, ಹಾಕದಿದ್ದರೂ ಉಳಿಯುತ್ತಾರೆ. ಈ ಸಲ ಕಚ್ಚಿದ್ದು ಕೊಳಕುಮಂಡಲ. ಆಸ್ಪತ್ರೆಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ವಿಷಕ್ಕೆ ನಿಜವಾದ ಪ್ರತ್ಯಸ್ತ್ರ ಆಸ್ಪತ್ರೆಯ ಪೆಟ್ಟಿಗೆಯಲ್ಲಿತ್ತು. ಕುದುರೆಗೆ ವಿಷವನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾ ಹೋದರೆ ಅದರ ರಕ್ತದಲ್ಲಿ ವಿಷವನ್ನು ಕಟ್ಟಿಹಾಕುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿ ಮದ್ದು ಮಾಡುತ್ತಾರೆ. ನಮ್ಮ ದೇಶದಲ್ಲಿ ಸಿಗುವ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿಸಿ ಮಾಡಿದ್ದು. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ, ತಂತ್ರ, ದಾರ ಎಂದು ಕೂರಿಸುವುದು ಈಗ ಅಪರಾಧ. 2017ರಲ್ಲಿ ಕರ್ನಾಟಕ ಇದಕ್ಕಾಗಿ ಕಾನೂನು ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಆ ಹುಡುಗಿ ಆಮೇಲೂ ಎರಡು ವರ್ಷ ಮೂರನೇ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದಳು. ರಕ್ತದ ಅಧ್ಯಾಯ ಬಂದಾಗ ನಾನು ಅವಳ ಕಡೆ ನೋಡುತ್ತಿರಲಿಲ್ಲ.

ಹೆಂಡತಿಯ ಮಾತು ದಿನವಿಡೀ ಕೊರೆಯಿತು. ಎರಡನೇ ಟ್ಯೂಷನ್ನು ಎಷ್ಟು ಪರ್ಸೆಂಟು? ಅಂದು ರಾತ್ರಿ ಮಾಂತ್ರಿಕ ಸತ್ತು, ಮಗ ಅವನ ಪೆಟ್ಟಿಗೆ ತಡಕುತ್ತಿರುವಾಗ ಕೇಳಿದೆ. ಗುಹೆಯ ಬಗ್ಗೆ ಕೇಳಿದ ದನಿಯಲ್ಲೇ ಕೇಳಲು ನೋಡಿದೆ.

'ಪರೀಕ್ಷೆ ಹಾಲಿನಲ್ಲಿ ನಿನಗೆ ಹೊಡೆದದ್ದು ಏನು?'

ಅವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದ. 'ಓದಿದ್ದೆ ಅಪ್ಪಾಜಿ. ಎಲ್ಲಾ ಓದಿದ್ದೆ. ಗಂಟೆ ಹೊಡೆದ್ರು, ಪೇಪರ್ ಕೊಟ್ರು. ಮೊದಲನೇ ಪ್ರಶ್ನೆ ಗೊತ್ತಿರೋದೇ. ಆದ್ರೆ ಕೈ ಬೆವೆತು ಪೆನ್ನು ಜಾರ್ತಿತ್ತು. ನಿಮ್ಮ ಮುಖ ಬಂತು. ಅಕ್ಷರ ಕಾಣ್ತಿದ್ವು, ಓದಕ್ಕೆ ಆಗ್ಲಿಲ್ಲ. ಮುಕ್ಕಾಲು ಗಂಟೆ ಹಂಗೇ ಹೋತು.'

ಹೆದರಿಕೆಯಾದಾಗ ಅಡ್ರಿನಲಿನ್ ಸುರಿದು ಎದೆ ಬಡಿತ ಏರುತ್ತದೆ ಎಂಬ ಪಾಠವನ್ನು ಪ್ರತಿವರ್ಷ ಹತ್ತನೇ ತರಗತಿಗೆ, ಚಿತ್ರ ಬರೆದು, ಮಾಡುವವನು ನಾನು. ಮನೆಯಲ್ಲಿ ಅದೇ ನಡೆದಾಗ ಸಂಜೆಗೊಂದು ಟ್ಯೂಷನ್ ಹಾಕಿದ್ದೆ. ಮುಖದ ವಿಷಯಕ್ಕೆ ಏನು ಹೇಳಬೇಕೋ ತಿಳಿಯದೆ ಸುಮ್ಮನಿದ್ದೆ.

ಸಂಜೆಯದನ್ನು ಮರುದಿನವೇ ಬಿಡಿಸಿದೆ. ಅದರ ಬದಲು ನಡುಮನೆಯ ಊಟದ ಮೇಜನ್ನು ಪರೀಕ್ಷಾ ಕೇಂದ್ರ ಮಾಡಿದೆವು. ಹಳೆಯ ಪ್ರಶ್ನೆಪತ್ರಿಕೆ, ಪೂರ್ತಿ ಮೂರು ಗಂಟೆ, ಟಿ.ವಿ. ಬಂದ್. ಅವನ ತಾಯಿಯೇ ಮೇಲ್ವಿಚಾರಕಿ. ದೇವರ ಕೋಣೆಯ ಗಂಟೆ ಬಾರಿಸಿ ಪತ್ರಿಕೆ ಕೊಡುವಳು. ನಾನು ಹೊರಗೆ ಕಟ್ಟೆಯ ಮೇಲೆ ಕೂರಬೇಕೆಂದು ಅವಳ ಅಪ್ಪಣೆ. ಕಿಟಕಿಯಿಂದ ನೋಡಿ ಒಂದನ್ನು ಮಾತ್ರ ಬರೆದಿಟ್ಟುಕೊಂಡೆ, ಪತ್ರಿಕೆ ಕೊಟ್ಟ ಮೇಲೆ ಪೆನ್ನು ಕಾಗದಕ್ಕೆ ತಾಗಲು ಎಷ್ಟು ನಿಮಿಷ ಎಂದು. ಮೊದಲ ದಿನ 14. ಮನೆಯ ಮೇಜಿನಲ್ಲೇ 14 ನಿಮಿಷ! ಎರಡನೇ ಸಲ 9. ಮೂರನೇ ಸಲ ಮತ್ತೆ 11, ಯಾಕೆಂದರೆ ನಾನು ಕಿಟಕಿಯಲ್ಲಿ ಇಣುಕಿದ್ದನ್ನು ಅವನು ಕಂಡಿದ್ದ. ಐದನೆಯದಕ್ಕೆ 3. ಸೊನ್ನೆಗೆ ಇಳಿಯಲಿಲ್ಲ.

ಆ ಹುಡುಗ ಪಾಸಾದನೇ ಎಂದು ತಂದೆ ತಾಯಂದಿರು ಕೇಳುತ್ತಾರೆ, ಗೊತ್ತು. ಆದ. ಹೇಳಿಕೊಳ್ಳುವಂಥ ಅಂಕವೇನಲ್ಲ. ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಪರೀಕ್ಷೆಯ ದಿನ ಸಂಜೆ ನಮಗೆ ಏನೂ ಗೊತ್ತಿರಲಿಲ್ಲ. ಅವನು ಬಂದು ಚಪ್ಪಲಿ ಬಿಟ್ಟ, 'ಹೆಂಗ್ ಆತಪಾ?' ಎಂಬ ತಾಯಿಯ ಪ್ರಶ್ನೆಗೆ 'ಬರದೀನಿ' ಎಂದ, ಎರಡು ತಟ್ಟೆ ಮಂಡಕ್ಕಿ ತಿಂದ. ತೋಳಿನಲ್ಲಿ ತಾಯತ ಇತ್ತು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಮಂಡಕ್ಕಿಗೆ ಇನ್ನಷ್ಟು ಈರುಳ್ಳಿ ಕೇಳಿದೆ.

ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ ಚಟಚಟ ಸದ್ದು, ಆಮೇಲೆ ಅವನ ಕೂಗು: 'ಅಪ್ಪಾಜಿ, ಬರ್ರಿ ಬೇಗ. ಈ ಸಲ ಸಿಡಿಲು. ಸ್ಕೇಲು ತಗೊಂಡ್ ಬರ್ರಿ.'

ಸ್ಕೇಲು ಇದ್ದದ್ದು ಪರೀಕ್ಷೆಗೆ ಒಯ್ದ ಪೌಚಿನಲ್ಲಿ. ಹಾಲ್ ಟಿಕೆಟ್ಟಿನ ಪಕ್ಕ ಎರಡು ಪೆನ್ನು, ಒಂದು ಪೆನ್ಸಿಲು, ಕೈ ಒರೆಸಿಕೊಳ್ಳಲು ಅವನ ತಾಯಿ ಮಡಿಚಿಟ್ಟಿದ್ದ ಕರ್ಚೀಫು. ಕರ್ಚೀಫು ಒದ್ದೆಯಾಗಿತ್ತು. ಎರಡು ಪೆನ್ನುಗಳಲ್ಲಿ ಒಂದರ ಮಸಿ ಪೂರ್ತಿ ಮುಗಿದಿತ್ತು.